ಹತ್ತಿಯ ಬೇರು, ಜೋಳದ ಬೇರು

ಸುಟ್ಟ ಮೋಟರಿಗೆ ಅದರದೇ ಒಂದು ವಾಸನೆ. ವಾರ್ನಿಷ್ ಬೆಂದ ಕಮಟು, ಅದರೊಳಗೆ ಕಾದ ತಾಮ್ರದ ಘಾಟು. ಆಂಧ್ರದ ಗಡಿಯ ನಮ್ಮೂರು ಕೌತಾಳಂನಲ್ಲಿ ಬೆಳೆಗೆ ನೀರು ಹಾಯಿಸುವ ದಿನಗಳಲ್ಲಿ ವೈಂಡಿಂಗ್ ಅಂಗಡಿಯ ಮುಂದೆ ಹಾದರೆ ಸಾಕು, ಯಾರದೋ ಮನೆಯ ದುಡ್ಡು ಸುಟ್ಟಿದೆ ಎಂದು ಮೂಗೇ ಹೇಳುತ್ತದೆ. ಒಂದು ವರ್ಷ ನಮ್ಮ ಬಾವಿಯ ಮೋಟರು ಮೂರನೇ ಸಲ ಸುಟ್ಟಿತು. ಟ್ರ್ಯಾಕ್ಟರಿನಲ್ಲಿ ಅದನ್ನು ಹೇರಿಕೊಂಡು ಅಪ್ಪನ ಜೊತೆ ನಾನೂ ಹೋಗಿದ್ದೆ. ಮೊದಲ ಸಲ ಸುಟ್ಟಾಗ ಅಪ್ಪ ಮೋಟರಿನ ಕಂಪನಿಯನ್ನು ಬೈದಿದ್ದರು. ಎರಡನೇ ಸಲ ವೈಂಡಿಂಗ್ ಮಾಡಿದವನನ್ನು. ಈ ಸಲ ಬೈಯಲು ಯಾರೂ ಉಳಿದಿರಲಿಲ್ಲ. ಸುಮ್ಮನೆ ಕಟ್ಟೆಯ ಮೇಲೆ ಕೂತರು.

ವೈಂಡಿಂಗ್ ಮಾಡುವಾತ ಬೋಲ್ಟು ಬಿಚ್ಚಿ, ಮುಚ್ಚಳ ತೆಗೆದು, ಒಳಗೆ ಟಾರ್ಚ್ ಹಾಕಿ ನೋಡಿದ. ಒಂದೆರಡು ನಿಮಿಷ ಮಾತಿಲ್ಲ. ಆಮೇಲೆ ನಮ್ಮನ್ನು ಹತ್ತಿರ ಕರೆದ.

"ಬಾ ಮಾವ, ನೀನೇ ನೋಡು. ಈ ಸುರುಳಿ ಕರ್ರಗಾಗೈತಿ, ಅದರ ಮಗ್ಗಲದ್ದು ಕರ್ರಗಾಗೈತಿ. ಇದು ನೋಡು, ಮೂರನೇದು, ನಿನ್ನೆ ಸುತ್ತಿದಂಗ ಐತಿ. ಹೋದ ಸಲಾನೂ ಹಿಂಗೇ ಇತ್ತು. ರೋಗ ಮೋಟರಿಂದಲ್ಲ. ಫೇಸ್ ಹೋಗೈತಿ."

ಈ ಅಧ್ಯಾಯದಲ್ಲಿ ನಾನು ಹೇಳಬೇಕಾದ ವಿಜ್ಞಾನದ ಅರ್ಧ ಭಾಗವನ್ನು ಆತ ಆ ಕಟ್ಟೆಯ ಮೇಲೆ ನಿಂತೇ ಹೇಳಿಬಿಟ್ಟಿದ್ದ. ನೀರೆತ್ತುವ ಮೋಟರಿಗೆ ಮೂರು ತಂತಿಗಳಲ್ಲಿ ಮೂರು ಫೇಸ್ ಕರೆಂಟು ಬರುತ್ತದೆ, ಒಳಗೆ ಮೂರು ಜೊತೆ ಸುರುಳಿಗಳಿರುತ್ತವೆ. ಮೋಟರು ತಿರುಗುತ್ತಿರುವಾಗ ಒಂದು ತಂತಿಯ ಕರೆಂಟು ನಿಂತುಹೋದರೆ ಮೋಟರು ನಿಲ್ಲುವುದಿಲ್ಲ. ಗುಂಯ್ ಎಂದು ಕೊರಗುತ್ತ ತಿರುಗುತ್ತಲೇ ಇರುತ್ತದೆ. ಮೂವರು ಹೊರಬೇಕಾದ ಮೂಟೆ ಈಗ ಇಬ್ಬರ ಹೆಗಲಿಗೆ. ಸುರುಳಿಗಳನ್ನು ಸ್ಟಾರ್ ಜೋಡಣೆಯಲ್ಲಿ ಕಟ್ಟಿದ್ದರೆ ಉಳಿದ ಎರಡು ಸುರುಳಿಗಳಲ್ಲಿ ಹರಿಯುವ ಕರೆಂಟು ಹೆಚ್ಚುಕಡಿಮೆ 1.7 ಪಟ್ಟಾಗುತ್ತದೆ. ಶಾಖ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಸುಮಾರು 3 ಪಟ್ಟು. ಎರಡು ಸುಟ್ಟು ಮೂರನೆಯದು ಹೊಸದರಂತೆ ಉಳಿಯುವುದು ಹೀಗೆ. ಡೆಲ್ಟಾ ಜೋಡಣೆಯಾಗಿದ್ದರೆ ತಿರುಗುಮುರುಗು: ಒಂದು ಸುಡುತ್ತದೆ, ಎರಡು ಉಳಿಯುತ್ತವೆ. ನೀರಿಲ್ಲದೆ ಒಣ ಓಡಿಯೋ ಹೆಚ್ಚು ಹೊರೆ ಬಿದ್ದೋ ಸುಟ್ಟರೆ ಮೂರೂ ಒಂದೇ ಸಮ ಕಪ್ಪಾಗುತ್ತವೆ. ಸುಟ್ಟ ರೀತಿಯೇ ಸಾಕ್ಷಿ ಹೇಳುತ್ತದೆ. ಆದರೆ ನಮ್ಮಲ್ಲಿ ಬಹಳ ಜನ ಸುಟ್ಟ ತಂತಿಯನ್ನು ತೂಕಕ್ಕೆ ಹಾಕಿ ಹೊಸದು ಸುತ್ತಿಸಿಕೊಂಡು ಹೋಗುತ್ತಾರೆ. ತಂತಿಯ ಜೊತೆ ಸಾಕ್ಷಿಯೂ ಗುಜರಿಗೆ ಹೋಗುತ್ತದೆ. ಮುಂದಿನ ಸಲ ಮತ್ತೆ ಅದೇ ಮೋಟರು, ಅದೇ ವಾಸನೆ.

ಅಲ್ಲಿಂದ ಪ್ರಶ್ನೆ ಹಿಂದಕ್ಕೆ ಸಾಗಿತು. ಫೇಸ್ ಯಾಕೆ ಹೋಯಿತು? ಟ್ರಾನ್ಸ್‌ಫಾರ್ಮರ್ ಹತ್ತಿರ ಒಂದು ಫ್ಯೂಸ್ ಹಾರಿತ್ತು. ಫ್ಯೂಸ್ ಯಾಕೆ ಹಾರಿತು? ಕರೆಂಟು ಬಂದ ಕ್ಷಣಕ್ಕೆ ಆ ಟ್ರಾನ್ಸ್‌ಫಾರ್ಮರಿನ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ನಿಂತ ಮೋಟರು ತಿರುಗಲು ಶುರುವಾಗುವಾಗ ಓಡುವ ಮೋಟರಿನ ಆರು ಪಟ್ಟಿನಷ್ಟು ಕರೆಂಟು ಎಳೆಯುತ್ತದೆ. ಒಟ್ಟಿಗೆ ಯಾಕೆ ಶುರುವಾಗುತ್ತವೆ? ಎಲ್ಲರ ಸ್ಟಾರ್ಟರಿಗೂ ಆಟೋ ಸ್ವಿಚ್ ಹಾಕಿಸಿದ್ದಾರೆ. ಯಾಕೆ ಹಾಕಿಸಿದರು? ಮೂರು ಫೇಸ್ ಕರೆಂಟು ಬರುತ್ತಿದ್ದದ್ದು ದಿನಕ್ಕೆ ಕೆಲವೇ ಗಂಟೆ. ಅದಕ್ಕಾಗಿ ಕತ್ತಲಲ್ಲಿ ಹೊಲಕ್ಕೆ ಹೋಗಿ ಹಾವು ತುಳಿದವರು ಪ್ರತಿ ಊರಲ್ಲೂ ಇದ್ದಾರೆ. ಮಲಗಿದಲ್ಲೇ ನೀರು ಹಾಯಲಿ ಎಂದು ಬಯಸಿದ ರೈತನದು ತಪ್ಪೇ?

ಇನ್ನೂ ಒಂದು ಎಳೆ ಇದೆ. ಫೇಸ್ ಹೋದರೆ ಮೋಟರನ್ನು ನಿಲ್ಲಿಸುವ ಸಣ್ಣ ಸಾಧನವೊಂದು ನಮ್ಮ ಸ್ಟಾರ್ಟರಿನಲ್ಲೇ ಇತ್ತು. ವೋಲ್ಟೇಜ್ ಇಳಿದಾಗಲೆಲ್ಲ ಅದು ಮೋಟರು ನಿಲ್ಲಿಸಿಬಿಡುತ್ತಿತ್ತು. ಬೆಳೆ ಒಣಗುತ್ತದೆಂದು ಅಪ್ಪನೇ ಅದರ ತಂತಿಯನ್ನು ದಾಟಿಸಿ ಕಟ್ಟಿದ್ದರು. ಕಾವಲಿಗಿದ್ದ ನಾಯಿ ಬಹಳ ಬೊಗಳುತ್ತದೆಂದು ಬಾಯಿ ಕಟ್ಟಿದ ಹಾಗೆ.

ಒಂದು ಮೋಟರಿನ ಹಿಂದೆ ಇಷ್ಟಿತ್ತು.

ಹೀಗೆ "ಯಾಕೆ" ಎಂದು ಬೆನ್ನು ಬಿಡದೆ ಕೇಳುತ್ತ ಹೋಗುವ ಕ್ರಮಕ್ಕೆ ಕಾರ್ಖಾನೆಗಳ ಲೋಕದಲ್ಲಿ "ಐದು ಯಾಕೆಗಳು" ಎಂಬ ಹೆಸರಿದೆ. ಅದರ ಹುಟ್ಟು ನಮ್ಮ ಹತ್ತಿ ಸೀಮೆಗೆ ದೂರದ ನಂಟಿನದು. ಜಪಾನಿನ ಸಕಿಚಿ ಟೊಯೊಡಾ ಕಾರು ಮಾಡಿದವರಲ್ಲ, ಮಗ್ಗ ಮಾಡಿದವರು. ನೂಲು ಕಡಿದರೆ ತಾನಾಗಿ ನಿಲ್ಲುವ ಮಗ್ಗವನ್ನು ರೂಪಿಸಿ, 1924ರಲ್ಲಿ ಅದರ ಪರಿಪಕ್ವ ಮಾದರಿಯನ್ನು ಹೊರತಂದರು. ಎಮ್ಮಿಗನೂರಿನ ನೇಕಾರರಿಗೆ ಇದರ ಬೆಲೆ ವಿವರಿಸಿ ಹೇಳಬೇಕಿಲ್ಲ. ಒಂದು ಎಳೆ ಕಡಿದದ್ದು ಕಣ್ಣಿಗೆ ಬೀಳದೆ ಮಗ್ಗ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಕೆಡುತ್ತದೆ. ಮಗ್ಗ ನಿಂತರೆ ಮನುಷ್ಯ ಬರುತ್ತಾನೆ, ಎಳೆ ಎಲ್ಲಿ ಕಡಿಯಿತೆಂದು ನೋಡುತ್ತಾನೆ, ಯಾಕೆ ಕಡಿಯಿತೆಂದು ಕೇಳುತ್ತಾನೆ. ತಪ್ಪಾದ ಜಾಗದಲ್ಲೇ, ತಪ್ಪು ಬಿಸಿಯಾಗಿರುವಾಗಲೇ ನಿಲ್ಲಬೇಕು ಎಂಬ ಈ ವಿಚಾರವನ್ನು ಆ ಮನೆತನದ ಕಾರು ಕಾರ್ಖಾನೆಯಲ್ಲಿ ತೈಚಿ ಓನೋ ಎಂಬ ಎಂಜಿನಿಯರು ಒಂದು ಪದ್ಧತಿಯನ್ನಾಗಿ ಬೆಳೆಸಿದರು. ಅವರು ಕೊಟ್ಟ ಉದಾಹರಣೆ ನಮ್ಮ ಮೋಟರಿನ ಕತೆಗೆ ಅಣ್ಣತಮ್ಮನಂತಿದೆ. ಯಂತ್ರ ನಿಂತಿತು, ಏಕೆಂದರೆ ಫ್ಯೂಸ್ ಹಾರಿತು. ಹೊರೆ ಹೆಚ್ಚಾಗಿ ಹಾರಿತು. ಬೇರಿಂಗಿಗೆ ಎಣ್ಣೆ ಸಾಲದೆ ಹೊರೆ ಹೆಚ್ಚಿತು. ಎಣ್ಣೆಯ ಪಂಪು ಸರಿಯಾಗಿ ಎತ್ತುತ್ತಿರಲಿಲ್ಲ. ಪಂಪಿನ ದಂಡ ಸವೆದಿತ್ತು. ಸವೆದದ್ದು ಯಾಕೆಂದರೆ ಜಾಲರಿ ಇಲ್ಲದೆ ಲೋಹದ ಪುಡಿ ಒಳಗೆ ಹೋಗುತ್ತಿತ್ತು. ಫ್ಯೂಸ್ ಬದಲಿಸಿದವನು ಅದನ್ನು ವಾರಕ್ಕೊಮ್ಮೆ ಬದಲಿಸುತ್ತಲೇ ಇರಬೇಕು. ಜಾಲರಿ ಹಾಕಿದವನ ಕೆಲಸ ಅಲ್ಲಿಗೆ ಮುಗಿಯಿತು.

ಐದು ಎನ್ನುವುದು ಲೆಕ್ಕವಲ್ಲ. ಮೂರಕ್ಕೆ ಮುಗಿಯಬಹುದು, ಒಂಬತ್ತಕ್ಕೆ ಹೋಗಬಹುದು. ಆದರೆ ಈ ಕ್ರಮದಲ್ಲಿ ಒಂದು ಕೊರತೆ ಇದೆ. ಅದನ್ನು ತಿಳಿಯಲು ಹೊಲಕ್ಕೇ ಬರಬೇಕು.

ನಮ್ಮ ಕರಿ ಎರೆಯಲ್ಲಿ ಹತ್ತಿ ಗಿಡ ಕಿತ್ತು ನೋಡಿ. ನಡುವೆ ಒಂದೇ ತಾಯಿಬೇರು, ನೇರ ಕೆಳಕ್ಕೆ ಇಳಿದಿರುತ್ತದೆ. ಅದು ಬಂದರೆ ಗಿಡ ಬಂತು. ಜೋಳದ ಕೂಳೆ ಕಿತ್ತು ನೋಡಿ. ಅಲ್ಲಿ ತಾಯಿಬೇರೆಂಬುದೇ ಇಲ್ಲ. ಒಂದೇ ಬುಡದಿಂದ ನೂರಾರು ತಂತುಬೇರುಗಳು ಸುತ್ತಲೂ ಹರಡಿ ಮಣ್ಣನ್ನು ಹಿಡಿದಿರುತ್ತವೆ. ಯಾವ ಒಂದನ್ನು ಹರಿದರೂ ಬುಡ ಅಲುಗುವುದಿಲ್ಲ. "ಮೂಲ ಕಾರಣ" ಎಂಬ ಮಾತು ನಮ್ಮ ಮನಸ್ಸಿನಲ್ಲಿ ಹತ್ತಿ ಬೇರಿನ ಚಿತ್ರವನ್ನು ಮೂಡಿಸುತ್ತದೆ. ಬದುಕಿನ ಹೆಚ್ಚಿನ ತೊಂದರೆಗಳಿಗೆ ಇರುವುದು ಜೋಳದ ಬೇರು. ಐದು ಯಾಕೆಗಳ ಕ್ರಮ ಒಂದೇ ಎಳೆ ಹಿಡಿದು ಇಳಿಯುವಂಥದ್ದು, ಹತ್ತಿಗೆ ಒಪ್ಪುತ್ತದೆ, ಜೋಳಕ್ಕೆ ಸಾಲದು. ಜಪಾನಿನವರೇ ಆದ ಕಾವೊರು ಇಶಿಕಾವಾ ಕಲಿಸಿದ ಮೀನಿನ ಮುಳ್ಳಿನ ಚಿತ್ರ ಇಲ್ಲಿ ನೆರವಿಗೆ ಬರುತ್ತದೆ. ತಲೆಯ ಜಾಗದಲ್ಲಿ ತೊಂದರೆ, ಬೆನ್ನುಮೂಳೆಗೆ ಅಂಟಿದ ಮುಳ್ಳುಗಳಲ್ಲಿ ಯಂತ್ರ, ಕೆಲಸದ ಕ್ರಮ, ಸಾಮಗ್ರಿ, ಜನ, ಅಳತೆ, ಸುತ್ತಲ ಪರಿಸರ. ಕಣ್ಣು ಒಂದೇ ಕಡೆ ನೆಟ್ಟು ನಿಲ್ಲದಂತೆ ಮಾಡುವುದು ಅದರ ಗುಣ. ಆದರೆ ಯಾವ ಮುಳ್ಳು ನಿಜ, ಯಾವುದು ಬರೀ ಊಹೆ ಎಂದು ಚಿತ್ರ ಹೇಳುವುದಿಲ್ಲ. ಗೋಡೆಗೆ ಚಂದದ ಮೀನು ಅಂಟಿಸಿ ಕೆಲಸ ಆಯಿತೆಂದುಕೊಂಡವರು ಬಹಳ.

ಈಗ ನಮ್ಮ ಸೀಮೆಯ ಎದೆ ಒಡೆದ ಒಂದು ರಾತ್ರಿಯ ಕಡೆಗೆ.

ಕೌತಾಳಂಗೆ ಕಾಲುವೆಯ ನೀರು ಬರುವುದು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಿಂದ, ನಾವೆಲ್ಲ ಎಲ್‌ಎಲ್‌ಸಿ ಎನ್ನುವ ಕೆಳಮಟ್ಟದ ಕಾಲುವೆಯ ಮೂಲಕ. ಈ ಕಾಲುವೆ ಕರ್ನಾಟಕದಲ್ಲೇ ಸುಮಾರು 250 ಕಿ.ಮೀ. ಹರಿದು ಆಂಧ್ರದ ಗಡಿ ಮುಟ್ಟುತ್ತದೆ. ನಮ್ಮ ಸೀಮೆಯ ಆದೋನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದ ಕಾಲದಲ್ಲಿ, 1876-78ರ ದೊಡ್ಡ ಬರ ಈ ಊರುಗಳನ್ನು ಬಡಿಯಿತು. ಅದಕ್ಕೂ ಮುಂಚೆ 1860ರಲ್ಲೇ ಆರ್ಥರ್ ಕಾಟನ್ ತುಂಗಭದ್ರೆಗೆ ಕಟ್ಟೆ ಕಟ್ಟುವ ಮಾತಾಡಿದ್ದರು. ಅಡಿಗಲ್ಲು ಬಿದ್ದದ್ದು 1945ರಲ್ಲಿ, ನೀರು ಹರಿದದ್ದು 1953ರಲ್ಲಿ. ಅದೇ ವರ್ಷ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ನೀರಿನ ತಲೆ ಒಂದು ರಾಜ್ಯದಲ್ಲಿ, ಬಾಲ ಇನ್ನೊಂದರಲ್ಲಿ. ಎಲ್‌ಎಲ್‌ಸಿಯಲ್ಲಿ ಆಂಧ್ರದ ವರ್ಷದ ಪಾಲು 24 ಟಿಎಂಸಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ.

2024ರ ಆಗಸ್ಟ್ 10, ಶನಿವಾರ. ಜಲಾಶಯ ತುಂಬಿ ತುಳುಕುತ್ತಿತ್ತು, ಸುಮಾರು 105 ಟಿಎಂಸಿ. ಹಿಂದಿನ ವರ್ಷ ಬರಗಾಲ ಕಂಡ ರೈತರು ಭತ್ತದ ಸಸಿ ಹಾಕಿ ಕಾಯುತ್ತಿದ್ದರು. ರಾತ್ರಿ 11ರ ಸುಮಾರಿಗೆ ಅಣೆಕಟ್ಟಿನ ನೆತ್ತಿಯ 19ನೇ ಕ್ರೆಸ್ಟ್ ಗೇಟಿನ ಸರಪಳಿಯ ಕೊಂಡಿ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಉಳಿದ ಗೇಟುಗಳ ಮೇಲೆ ಒತ್ತಡ ಬೀಳದಿರಲೆಂದು ಅವನ್ನೂ ಎತ್ತಿ ನದಿಗೆ ನೀರು ಬಿಟ್ಟರು. ಬೆಳಗಾಗುವಷ್ಟರಲ್ಲಿ ಸುದ್ದಿ ನಮ್ಮ ಊರಿನ ಚಹಾದಂಗಡಿಗಳಿಗೆ ಬಂದಿತ್ತು. ಆ ಬೆಳಗಿನ ಮೌನ ನನಗಿನ್ನೂ ನೆನಪಿದೆ. ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.

ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಮತ್ತು ತಂಡದವರು ಹರಿಯುವ ನೀರಿನಲ್ಲೇ ತಡೆ ಇಳಿಸುವ ಸಾಹಸಕ್ಕೆ ಕೈ ಹಾಕಿದರು. ಗೇಟಿನ ಎತ್ತರವನ್ನು ಐದು ತುಂಡು ಮಾಡಿದಂತೆ ಐದು ಉಕ್ಕಿನ ತಡೆಹಲಗೆಗಳನ್ನು ಹಗಲಿರುಳು ತಯಾರಿಸಲಾಯಿತು. ಸ್ಟಾಪ್‌ಲಾಗ್ ಎನ್ನುವುದು ಇವನ್ನೇ. ಮೊದಲನೆಯದು ಆಗಸ್ಟ್ 16ರ ರಾತ್ರಿ ಕೂತಿತು, ಮರುದಿನ ಐದೂ ಕೂತವು. ಅಷ್ಟರಲ್ಲಿ 30 ಟಿಎಂಸಿಗೂ ಹೆಚ್ಚು ನೀರು ಹರಿದುಹೋಗಿತ್ತು, ಅಂದರೆ ನಮ್ಮ ಕಾಲುವೆಯಲ್ಲಿ ಆಂಧ್ರದ ಇಡೀ ವರ್ಷದ ಪಾಲಿಗಿಂತ ಹೆಚ್ಚು. ಪುಣ್ಯಕ್ಕೆ ಆ ವರ್ಷ ಮೇಲೆ ಮಳೆ ಮತ್ತೆ ಬಂತು, ಜಲಾಶಯ ತುಂಬಿತು.

ಈಗ ಕೇಳಿ: ಆ ನೀರು ಯಾಕೆ ಹೋಯಿತು? "ಕೊಂಡಿ ತುಂಡಾಯಿತು" ಎಂಬ ಉತ್ತರ ಸುಳ್ಳಲ್ಲ. ಆದರೆ ಅದು ನಡೆದದ್ದನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಅಮೆರಿಕದಲ್ಲಿ 1962ರ ಸುಮಾರಿಗೆ, ಕ್ಷಿಪಣಿ ಆಕಸ್ಮಿಕವಾಗಿ ಹಾರಿಬಿಟ್ಟರೆ ಏನು ಗತಿ ಎಂಬ ಭಯದಿಂದ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು ಒಂದು ಕ್ರಮ ಕಂಡುಕೊಂಡರು. ದೋಷವೃಕ್ಷ ಎನ್ನಬಹುದು. ಆಗಬಾರದ ಘಟನೆಯನ್ನು ಮೇಲೆ ಬರೆದು, ಅದರ ಕೆಳಗೆ ಕಾರಣಗಳನ್ನು ಕೊಂಬೆಗಳಂತೆ ಇಳಿಸುತ್ತಾರೆ. ಪ್ರತಿ ಕವಲಿನಲ್ಲಿ ಎರಡರಲ್ಲಿ ಒಂದು ಮಾತು ಕೂರಬೇಕು: "ಮತ್ತು" ಅಥವಾ "ಅಥವಾ". ಇಡೀ ವಿದ್ಯೆ ಇರುವುದು ಈ ಎರಡು ಪುಟ್ಟ ಮಾತುಗಳಲ್ಲಿ.

ಗೇಟಿನ ಘಟನೆಯನ್ನು ಹೀಗೆ ಬರೆಯೋಣ. ಅಷ್ಟು ನೀರು ಹೋಗಬೇಕಾದರೆ ಕೊಂಡಿ ತುಂಡಾಗಬೇಕು, ಮತ್ತು ಆ ಹೊತ್ತಿಗೆ ಜಲಾಶಯ ತುಂಬಿರಬೇಕು, ಮತ್ತು ಕೂಡಲೇ ಇಳಿಸಲು ತಡೆಹಲಗೆ ಸಿದ್ಧವಿರಬಾರದು. ಮೂರೂ ಕೂಡಿದವು. ಇವುಗಳ ನಡುವೆ ಇರುವುದು "ಮತ್ತು", ಆದ್ದರಿಂದ ಮೂರರಲ್ಲಿ ಯಾವ ಒಂದು ಇಲ್ಲದಿದ್ದರೂ ಅಷ್ಟು ನಷ್ಟ ಆಗುತ್ತಿರಲಿಲ್ಲ. ಜಲಾಶಯ ತುಂಬುವುದು ಬೇಡ ಎನ್ನಲಾಗದು, ನಾವು ಬದುಕುವುದೇ ಅದರಿಂದ. ಉಳಿದದ್ದು ಎರಡು. ಕೊಂಡಿಯ ಕೊಂಬೆಗೆ ಇಳಿದರೆ ಮಾತು ಬದಲಾಗುತ್ತದೆ. ನೀರಿನ ಪಸೆಯಲ್ಲಿ ತುಕ್ಕು ತಿಂದು ಕೊಂಡಿ ಹೋಗಬಹುದು, ಅಥವಾ ಏರುತ್ತ ಇಳಿಯುತ್ತ ಲೋಹ ದಣಿದು ಕಣ್ಣಿಗೆ ಕಾಣದ ಸೀಳು ಬೆಳೆದು ಹೋಗಬಹುದು, ಅಥವಾ ಜೋಡಣೆ ವಾರೆಯಾಗಿ ಒಂದೇ ಕಡೆ ಭಾರ ಬಿದ್ದು ಹೋಗಬಹುದು. ಇಲ್ಲಿ "ಅಥವಾ" ಕೂತಿದೆ. ಒಂದನ್ನು ತಡೆದರೆ ಸಾಲದು, ಎಲ್ಲವನ್ನೂ ತಡೆಯಬೇಕು. ಅದೂ ಒಂದು ಗೇಟಿನಲ್ಲಲ್ಲ, ಅಣೆಕಟ್ಟಿನ 33 ಗೇಟುಗಳಲ್ಲೂ. ಆಗ ಎಲ್ಲ ಗೇಟುಗಳ ವಯಸ್ಸೂ ಒಂದೇ ಆಗಿತ್ತು, ಸುಮಾರು 70 ವರ್ಷ. ತುಂಡಾದ ಕೊಂಡಿಗೆ ಹೊಸ ಕೊಂಡಿ ಹಾಕಿ ಮನೆಗೆ ಹೋಗುವ ಸಮಸ್ಯೆ ಇದಲ್ಲವೆಂದು ಚಿತ್ರವೇ ಹೇಳುತ್ತದೆ. ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ. ಕೆ. ಬಜಾಜ್ ನೇತೃತ್ವದ ಸಮಿತಿ 33 ಗೇಟುಗಳನ್ನೂ ಬದಲಿಸಬೇಕೆಂದಿತು. 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಗೊಳಿಸಿದರು.

ಇದೇ ಜಲಾಶಯದಲ್ಲಿ ಸದ್ದಿಲ್ಲದ ಇನ್ನೊಂದು ನಷ್ಟವೂ ಇದೆ. ಕಟ್ಟಿದಾಗ ಅದರ ಸಾಮರ್ಥ್ಯ 133 ಟಿಎಂಸಿ, ಈಗ ಸುಮಾರು 105.8. ಹೆಚ್ಚುಕಡಿಮೆ 27 ಟಿಎಂಸಿಯಷ್ಟು ಜಾಗವನ್ನು ಹೂಳು ತಿಂದಿದೆ. ಗೇಟು ಒಂದು ವಾರದಲ್ಲಿ ಕೊಂಡೊಯ್ದದ್ದನ್ನು ನಾವೆಲ್ಲ ಕಂಡೆವು. ಹೂಳು ಪ್ರತಿ ವರ್ಷ ಕೊಂಡೊಯ್ಯುವುದಕ್ಕೆ ತನಿಖೆಯ ಸಮಿತಿ ಬರುವುದಿಲ್ಲ, ಏಕೆಂದರೆ ಅದಕ್ಕೆ ಒಂದು ತಾರೀಕಿಲ್ಲ. ತಾರೀಕಿಲ್ಲದ ತೊಂದರೆಗಳ ಬೇರನ್ನು ಹುಡುಕುವವರು ಬಹಳ ಕಡಿಮೆ. ನನ್ನ ಮಟ್ಟಿಗೆ ಇದು ಗೇಟಿಗಿಂತ ದೊಡ್ಡ ಚಿಂತೆ.

ದುರಂತ ನಡೆದ ಕೂಡಲೇ "ಯಾರು?" ಎಂಬ ಪ್ರಶ್ನೆ ಏಳುತ್ತದೆ. ಯಾರು ನೋಡಿಕೊಳ್ಳಬೇಕಿತ್ತು, ಯಾರು ಮಲಗಿದ್ದರು. ಹೆಸರೊಂದು ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಜೇಮ್ಸ್ ರೀಸನ್ 1990ರ ಸುಮಾರಿಗೆ ಇದಕ್ಕೆ ಬೇರೆ ದಾರಿ ತೋರಿದರು. ಅವರ ವಿಚಾರವನ್ನು ನಮ್ಮ ಮನೆಯ ಸಾಣಿಗೆಗಳಿಂದ ಹೇಳಬಹುದು. ಒಂದರ ಮೇಲೊಂದು ನಾಲ್ಕು ಸಾಣಿಗೆ ಹಿಡಿಯಿರಿ. ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಡೆ ಜಾಲರಿ ಹರಿದು ತೂತಾಗಿದೆ. ಮೇಲಿನದರಲ್ಲಿ ಜಾರಿದ ಕಲ್ಲನ್ನು ಕೆಳಗಿನದು ಹಿಡಿಯುತ್ತದೆ. ಎಲ್ಲ ತೂತುಗಳೂ ಒಂದೇ ನೇರಕ್ಕೆ ಬಂದ ದಿನ ಕಲ್ಲು ಹಿಟ್ಟಿಗೆ ಬೀಳುತ್ತದೆ. ಕೊನೆಯ ಸಾಣಿಗೆ ಹಿಡಿದವನ ಕೈಯನ್ನು ಮಾತ್ರ ಹಿಡಿದರೆ ಮೇಲಿನ ಮೂರು ತೂತುಗಳು ಹಾಗೇ ಉಳಿಯುತ್ತವೆ. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ 2003ರ ಫೆಬ್ರವರಿ 1ರಂದು ಆಕಾಶದಲ್ಲಿ ಒಡೆದುಹೋದಾಗ ತನಿಖಾ ಮಂಡಳಿ ಎರಡು ಬಗೆಯ ಕಾರಣಗಳನ್ನು ಅಕ್ಕಪಕ್ಕ ಇಟ್ಟು ಬರೆಯಿತು. ಹಾರುವಾಗ ಕಳಚಿದ ನೊರೆಯ ತುಂಡು ಎಡ ರೆಕ್ಕೆಗೆ ಬಡಿದದ್ದು ಒಂದು. ಇಂಥ ತುಂಡುಗಳು ಹಿಂದೆಯೂ ಬಿದ್ದು ಏನೂ ಆಗದಿದ್ದುದರಿಂದ, ಬೀಳುವುದೇ ಸಹಜವೆಂದು ಸಂಸ್ಥೆ ಒಗ್ಗಿಕೊಂಡದ್ದು ಇನ್ನೊಂದು. ಎರಡಕ್ಕೂ ಸಮ ತೂಕ. ನಮ್ಮಪ್ಪ ಸ್ಟಾರ್ಟರಿನ ಕಾವಲು ತಂತಿಯನ್ನು ದಾಟಿಸಿ ಕಟ್ಟಿದ್ದೂ ಹೀಗೇ ಒಗ್ಗಿಹೋಗಿದ್ದರಿಂದ. ಮೊದಲ ದಿನ ಭಯವಿತ್ತು. ನೂರು ದಿನ ಏನೂ ಆಗಲಿಲ್ಲ.

ಹತ್ತಿಗೆ ಬರೋಣ. ಆದೋನಿಯ ಹತ್ತಿ ಮಾರುಕಟ್ಟೆಗೆ ಸುತ್ತಲಿನ ಊರುಗಳಿಂದ ಗಾಡಿಗಳು ಬರುವ ದಿನಗಳಲ್ಲಿ ಒಂದು ಕಾಯನ್ನು ಉಗುರಿನಿಂದ ಸೀಳಿ ನೋಡಿ. ಹೊರಗೆ ಹಸಿರಾಗಿ ಗಟ್ಟಿಯಾಗಿರುತ್ತದೆ, ಸೂಜಿ ಮೊನೆಯಷ್ಟು ತೂತೂ ಕಾಣುವುದಿಲ್ಲ. ಒಳಗೆ ಒಂದು ಎಸಳು ಕಂದಿ ಅಂಟಾಗಿರುತ್ತದೆ. ಅದರಲ್ಲಿ ಎಳೆ ಗುಲಾಬಿ ಬಣ್ಣದ ಹುಳು ಬೀಜಕ್ಕೆ ಬಾಯಿ ಹಾಕಿ ಕೂತಿರುತ್ತದೆ. ಗುಲಾಬಿ ಕಾಯಿಕೊರಕ. ಹುಳುವನ್ನು ಕೊಲ್ಲುವ ವಿಷ ಗಿಡದೊಳಗೇ ಇರುವ ಬಿಟಿ ಹತ್ತಿ 2002ರಲ್ಲಿ ಬಂತು, ಎರಡು ವಿಷದ ಬಿಟಿ 2006ರಲ್ಲಿ. ಈ ಹುಳುವಿಗೆ ಅಂಜಬೇಕಿಲ್ಲ ಎಂದುಕೊಂಡೆವು. 2014-15ರ ಹೊತ್ತಿಗೆ ಗುಜರಾತಿನಲ್ಲಿ ಎರಡನೆಯದಕ್ಕೂ ಹುಳು ಬಗ್ಗದೆ ನಿಂತಿತು. ಆಮೇಲೆ ತೆಲುಗು ನಾಡು, ರಾಯಚೂರು, ನಮ್ಮ ಸೀಮೆ.

ಯಾಕೆ ಎಂದು ಕೇಳಿದರೆ ಇಲ್ಲಿ ಜೋಳದ ಬೇರೇ ಸಿಗುತ್ತದೆ. ಬಿಟಿ ಬೀಜದ ಜೊತೆ ಬರುತ್ತಿದ್ದ ಬಿಟಿಯಲ್ಲದ ಬೀಜದ ಸಣ್ಣ ಪೊಟ್ಟಣವನ್ನು ಹೊಲದ ಅಂಚಿಗೆ ಬಿತ್ತಬೇಕಿತ್ತು. ವಿಷಕ್ಕೆ ಬಗ್ಗುವ ಹುಳುಗಳು ಅಲ್ಲಿ ಉಳಿದು, ಬಗ್ಗದವುಗಳ ಜೊತೆ ಕೂಡಿ, ವಂಶ ಬೆರೆಯಲಿ ಎಂದು. ಹುಳುವಿಗಾಗಿ ಬೆಳೆ ಬೆಳೆಯಲು ಒಂದೆರಡು ಎಕರೆಯವನಿಗೆ ಮನಸ್ಸು ಬರಲಿಲ್ಲ. ಮನೆಯ ಸುತ್ತ ಬಿಸಾಡಿದೆವು. ಇನ್ನೊಂದು: ನಮ್ಮಲ್ಲಿ ಮಾರಿದ್ದು ಹೈಬ್ರಿಡ್. ಹೈಬ್ರಿಡ್ ಗಿಡದ ಕಾಯಿಯೊಳಗಿನ ಎಲ್ಲ ಬೀಜಗಳಲ್ಲೂ ಎರಡೂ ವಿಷ ಇರುವುದಿಲ್ಲ. ಕೆಲವಲ್ಲಿ ಒಂದು, ಕೆಲವಲ್ಲಿ ಎರಡೂ ಇಲ್ಲ. ಬೀಜ ತಿಂದೇ ಬದುಕುವ ಹುಳುವಿಗೆ ಅದು ಪಾಠಶಾಲೆಯಾಯಿತು. ಮತ್ತೊಂದು: ನೀರು ಸಿಕ್ಕವರು ಇನ್ನೆರಡು ಸಲ ಹತ್ತಿ ಬಿಡಿಸುವ ಆಸೆಗೆ ಬೆಳೆಯನ್ನು ಬೇಸಿಗೆಯವರೆಗೂ ನಿಲ್ಲಿಸಿದರು. ಹುಳುವಿಗೆ ಹಸಿವಿನ ತಿಂಗಳೇ ಇಲ್ಲವಾಯಿತು. ಕಿತ್ತ ಹತ್ತಿ ಕಟ್ಟಿಗೆಯನ್ನು ಒಲೆಗೆಂದು ಬದುವಿನ ಮೇಲೆ ಒಟ್ಟಿದೆವು, ಒಣಗಿದ ಕಾಯಿಗಳಲ್ಲಿ ಹುಳು ಮಲಗಿ ಮುಂದಿನ ಮಳೆಗೆ ಎದ್ದಿತು. ಇವುಗಳಲ್ಲಿ ಯಾವುದನ್ನು ಮೂಲವೆನ್ನಲಿ? ಯಾವ ಒಂದೂ ಅಲ್ಲ. ಬೀಜದ ಕಂಪನಿ, ನಿಯಮ ಬರೆದವರು, ರೈತ, ಒಲೆ ಹಚ್ಚುವ ತಾಯಿ, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸರಿ ಅನ್ನಿಸಿದ್ದನ್ನೇ ಮಾಡಿದರು. ಆದರೆ ಒಂದು ಎಳೆ ಬೇರೆಲ್ಲಕ್ಕಿಂತ ನಮ್ಮ ಕೈಗೆ ಹತ್ತಿರದ್ದು. ಈ ಹುಳು ಮುಖ್ಯವಾಗಿ ಹತ್ತಿಯನ್ನೇ ನಂಬಿದೆ. ಊರೆಲ್ಲ ಒಟ್ಟಾಗಿ ಬೆಳೆಯನ್ನು ಬೇಗ ಮುಗಿಸಿ ಕಟ್ಟಿಗೆ ತೆರವು ಮಾಡಿದರೆ ಅದರ ವಂಶ ಕಡಿಯುತ್ತದೆ. ಒಬ್ಬನೇ ಮಾಡಿದರೆ ಏನೂ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಆಳದ ಬೇರನ್ನು ಹುಡುಕುವುದಕ್ಕಿಂತ, ಹಿಡಿದು ಎಳೆದರೆ ಬುಡ ಅಲುಗುವ ಬೇರನ್ನು ಹುಡುಕುವುದು ಹೆಚ್ಚು ಉಪಯೋಗದ್ದು ಎಂದು ನಾನು ನಂಬಿದ್ದೇನೆ.

ಎಲ್ಲಿಗೆ ನಿಲ್ಲಬೇಕು ಎಂಬುದು ಈ ವಿದ್ಯೆಯ ಅತಿ ಕಷ್ಟದ ಭಾಗ. ಸುಗ್ಗಿ ಮುಗಿದ ಮೇಲೆ ನಮ್ಮ ಕೌತಾಳಂ, ಕೋಸಿಗಿ ಕಡೆಯ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಗುಂಟೂರಿನ ಕಡೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಳೆ ಹೋಗುತ್ತವೆ. ಯಾಕೆ? ಮಳೆ ಇಲ್ಲ ಎಂಬ ಉತ್ತರ ಎಲ್ಲರ ನಾಲಿಗೆಯ ಮೇಲೂ ಇದೆ, ಏಕೆಂದರೆ ಮಳೆಯನ್ನು ಯಾರೂ ಜವಾಬು ಕೇಳಲಾಗದು. ಮಳೆಗೆ ಬಂದು ನಿಂತರೆ ಎಲ್ಲರಿಗೂ ಬಿಡುಗಡೆ. ಅದೇ ವರ್ಷ, ಅದೇ ಮಳೆಯಲ್ಲಿ, ಗುಳೆ ಹೋಗದೆ ಉಳಿದ ಮನೆಗಳೂ ಇರುತ್ತವೆ. ಅವರನ್ನು ಯಾರೂ ಕೇಳುವುದಿಲ್ಲ.

ತೊಂದರೆ ಆಗದವರನ್ನು ಕೇಳುವುದು: ಎಲ್ಲ ಕ್ರಮಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದ್ದು ಎಲ್ಲರಿಗೂ ಗೊತ್ತು. ಅವನು ಸಾಯದವರನ್ನೂ ಹುಡುಕಿದ. ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಹತ್ತಿರವೇ ಬಿಯರ್ ತಯಾರಿಸುವ ಕಾರ್ಖಾನೆಯೊಂದಿತ್ತು. ಅಲ್ಲಿನ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಯಾರೂ ಕಾಲರಾಗೆ ಸಾಯಲಿಲ್ಲ. ಗಾಳಿಯೇ ಕಾರಣವಾಗಿದ್ದರೆ ಅವರೂ ಅದೇ ಗಾಳಿ ಉಸಿರಾಡಿದ್ದರು. ಅವರು ಕುಡಿಯುತ್ತಿದ್ದದ್ದು ಬಿಯರು, ಮತ್ತು ಕಾರ್ಖಾನೆಗೆ ಅದರದೇ ಬಾವಿ ಇತ್ತು. ಪಂಪಿನ ನೀರು ಅವರ ಬಾಯಿಗೆ ಬಿದ್ದಿರಲಿಲ್ಲ.

ನಮ್ಮ ಟ್ರಾನ್ಸ್‌ಫಾರ್ಮರಿನ ಕೆಳಗೂ ಎಂದೂ ಸುಡದ ಮೋಟರು ಒಂದಿತ್ತು. ವೈಂಡಿಂಗ್ ಅಂಗಡಿಯಿಂದ ಬಂದ ಮೇಲೆ ಅಪ್ಪ ಮೊದಲು ಹೋದದ್ದು ಆ ಹೊಲದವರ ಹತ್ತಿರ. ಅವರದು ನಮಗಿಂತ ಹಳೆಯ ಮೋಟರು, ಅದೇ ಕಂಪನಿಯದು, ಅದೇ ಕಂಬದ ಕರೆಂಟು. ವ್ಯತ್ಯಾಸ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ.

"ನಾ ಆಟೋ ಸ್ವಿಚ್ ಹಾಕಿಸಿಲ್ಲಪ್ಪ," ಎಂದರು ಆ ಮುದುಕರು. "ಕರೆಂಟು ಬಂದ ಮ್ಯಾಲೆ ಒಂದು ಬೀಡಿ ಸೇದಿ, ನಿಧಾನಕ ಹೋಗಿ ಕೈಲೆ ಒತ್ತತೀನಿ."

ಅವರು ಹೋಗುವಷ್ಟರಲ್ಲಿ ಉಳಿದವರ ಮೋಟರುಗಳು ತಿರುಗಿ ನೆಲೆಗೆ ಬಂದಿರುತ್ತಿದ್ದವು, ಫ್ಯೂಸ್ ಹಾರುವುದಿದ್ದರೆ ಹಾರಿರುತ್ತಿತ್ತು. ಸ್ಟಾರ್ಟರಿನ ಮೂರು ಫೇಸ್ ದೀಪಗಳಲ್ಲಿ ಒಂದು ಆರಿದ್ದು ಕಂಡರೆ ಅವರು ಒತ್ತುತ್ತಲೇ ಇರಲಿಲ್ಲ.

ಅಪ್ಪ ಟ್ರಾನ್ಸ್‌ಫಾರ್ಮರಿನವರನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿ ಇದನ್ನು ಹೇಳಿದರು. ಆಟೋ ಸ್ವಿಚ್ ತೆಗೆಯಿರಿ ಎಂದರೆ ಯಾರೂ ಒಪ್ಪುತ್ತಿರಲಿಲ್ಲ, ಅವರೂ ಕೇಳಲಿಲ್ಲ. ತಡವಾಗಿ ಶುರು ಮಾಡುವ ಟೈಮರನ್ನು ಸ್ಟಾರ್ಟರಿಗೆ ಸೇರಿಸಬಹುದೆಂದು ವೈಂಡಿಂಗಿನಾತ ಹೇಳಿದ್ದ. ಒಬ್ಬೊಬ್ಬರಿಗೆ ಒಂದೊಂದು ನಿಮಿಷ ಹಂಚಿಕೊಂಡರು. ಕಾವಲು ತಂತಿಯನ್ನು ಮತ್ತೆ ಜಾಗಕ್ಕೆ ಕಟ್ಟಿದರು. ವೋಲ್ಟೇಜ್ ಅಷ್ಟು ಇಳಿಯದಿದ್ದುದರಿಂದ ಅದು ಈಗ ಸುಮ್ಮಸುಮ್ಮನೆ ಬೊಗಳಲಿಲ್ಲ. ಇಬ್ಬರು ಇನ್ನೂ ಟೈಮರ್ ಹಾಕಿಸಿಲ್ಲ. ಹಾಕಿಸುತ್ತೇವೆ ಎನ್ನುತ್ತಾರೆ.

ಕರೆಂಟು ಬರುವ ಹೊತ್ತಿಗೆ ಹೊಲದಲ್ಲಿದ್ದರೆ ಈಗ ಕೇಳಿಸುತ್ತದೆ. ಆ ಇಬ್ಬರ ಮೋಟರು ಮೊದಲು, ಒಟ್ಟಿಗೆ. ಸ್ವಲ್ಪ ಹೊತ್ತಿಗೆ ಹಳ್ಳದ ಕಡೆಯದೊಂದು. ಆಮೇಲೆ ರಸ್ತೆ ಪಕ್ಕದ್ದು. ನಮ್ಮದು ಆರನೆಯದು.